ಗಾಡಿಗೆ ಪಟ್ಟಿ ಸುತ್ತಿದ ಪಾಯಗೌಡ ಕಾಕಾ

ಪಾಯಗೌಡ ಕಾಕಾ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆಯುವ ಮೊದಲು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳ ಗೆಣ್ಣಿನಿಂದ ಇಂಜಿನ್ನಿಗೆ ಮೆಲ್ಲಗೆ ಬಡಿದು, ಅದರೊಳಗೆ ಮಲಗಿದ್ದವರನ್ನು ಎಬ್ಬಿಸುತ್ತಿದ್ದರು.

"ಏಳ್ರಪಾ, ಏಳ್ರಿ. ಗಾಡಿ ಚಾಲೂ ಮಾಡಾಂವ ಅದೇನಿ. ಹೊರಗ ಬರ್ರಿ ಎಲ್ಲಾರೂ."

ಎಲ್ಲಾರೂ ಅಂದರೆ ಜೇಡ, ನೊಣ, ಗುಂಗಾಡು, ರಾತ್ರಿಯ ತಂಪಿಗೆ ಇಂಜಿನ್ನಿನ ಸಂದಿಯಲ್ಲಿ ಸೇರಿಕೊಂಡ ಹೆಸರು ಗೊತ್ತಿಲ್ಲದ ಹುಳಹುಪ್ಪಡಿ. ಸ್ವಂತ ಹೆಂಡತಿಯನ್ನು "ಏಯ್, ಕೇಳಿಲ್ಲಿ" ಎಂದು ಕರೆಯುವ ಮನುಷ್ಯ ಜೇಡಕ್ಕೆ ಬಹುವಚನ ಕೊಡುವುದನ್ನು ಮೊದಲ ಸಲ ನೋಡಿದ ದಿನ ನಾನು ಕೈಯಲ್ಲಿದ್ದ ಕೊಡ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಕಾ ತಿರುಗಿ ನೋಡಿದರು. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. "ನಗರಿ ಬಾಯಾರ, ನಗರಿ. ಆದ್ರ ಸಣ್ಣಗ ನಗರಿ. ಇನ್ನೂ ಒಬ್ಬಾಂವ ಹೊರಗ ಬರೂದೈತಿ, ಅಂಜತಾನ," ಎಂದರು.

ಎಂಬತ್ತರ ದಶಕದ ಮಾತು. ನಾನು ಆಗ ಹೊಸದಾಗಿ ನೌಕರಿಗೆ ಸೇರಿದ ನರ್ಸು. ತವರು ಅಥಣಿ ಕಡೆ. ಸದಲಗಾದಿಂದ ಆಚೆ, ದೂಧಗಂಗೆಯ ದಂಡೆಯ ಒಂದು ಊರಿಗೆ ನನ್ನನ್ನು ಹಾಕಿದ್ದರು. ಒಂಟಿ ಹೆಣ್ಣುಮಗಳಿಗೆ ಖೋಲಿ ಕೊಡುವವರು ಯಾರು? ಕೊಟ್ಟವರು ಕಾಕಾ. ಜೈನರ ಮನೆ. ಅವರ ಹೆಂಡತಿ ಸುಶೀಲಾ ಕಾಕು ಖೋಲಿಯ ಬಾಗಿಲಲ್ಲೇ ನಿಂತು ಕರಾರು ಓದಿದರು: ಮೀನಿಲ್ಲ, ತತ್ತಿ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲ, ಗಜ್ಜರಿಯೂ ಇಲ್ಲ.

"ಗಜ್ಜರಿ ಏನ್ ಪಾಪ ಮಾಡೇತ್ರಿ ಕಾಕು?" ಎಂದೆ.

"ಅದೇನೂ ಮಾಡಿಲ್ಲವಾ. ಅದನ್ನ ಕಿತ್ರ ಬುಡಕಿನ ಜೀವಾ ಸಾಯತಾವಲ್ಲ, ಪಾಪ ಕಿತ್ತಾವರಿಗೆ."

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಆದರೂ ಖೋಲಿ ಬೇಕಿತ್ತು. ಸುಮ್ಮನಾದೆ. ತತ್ತಿ ತಿನ್ನಬೇಕೆನಿಸಿದಾಗ ಸದಲಗಾದ ಬಸ್‌ಸ್ಟ್ಯಾಂಡಿಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿ, ಎರಡು ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದೆ. ಕಾಕುವಿಗೆ ಅದು ಗೊತ್ತಿತ್ತು ಎಂಬುದು ನನಗೂ ಗೊತ್ತಿತ್ತು.

ಕಾಕಾ ಆರಡಿಯ ಆಳು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಕಬ್ಬು ಜೋಳ ಬೆಳೆಯುವ ಒಳ್ಳೆಯ ಜಮೀನಿತ್ತು, ದನಕರು ಇದ್ದವು, ಊರಿನಲ್ಲಿ ಮಾತಿಗೆ ಬೆಲೆ ಇತ್ತು. ನೀರನ್ನು ಮಡಚಿದ ಅರಿವೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ಇಲ್ಲ. ನಡೆಯುವಾಗ ನಾಲ್ಕು ಮೊಳ ಮುಂದಿನ ನೆಲ ನೋಡಿಯೇ ಹೆಜ್ಜೆ. ಇಷ್ಟೆಲ್ಲ ನೇಮ ಹಿಡಿದ ಮನುಷ್ಯನನ್ನು ಸಂಸಾರಕ್ಕೆ ಕಟ್ಟಿ ಹಾಕಿದ್ದು ಹೆಂಡತಿಯಲ್ಲ, ಮಕ್ಕಳಲ್ಲ, ಆ ಗಾಡಿ.

ವಿಲಾಯತಿ ಗಾಡಿ ಅದು. ಅವರ ತಂದೆ ಸಂಸ್ಥಾನದ ಕಾಲದಲ್ಲಿ ಕೊಲ್ಲಾಪುರದ ಒಂದು ಲೀಲಾವಿನಲ್ಲಿ ಹರಾಜು ಕೂಗಿ ತಂದದ್ದು. ಕರೀ ಮೈ, ದಾಳಿಂಬೆ ಬಣ್ಣದ ಪೆಟ್ರೋಲ್ ಟಾಕಿ, ಎರಡು ಸಿಲಿಂಡರು. ಇಂಜಿನ್ನಿನ ಮುಂಭಾಗದಿಂದ ಹೊಗೆ ಹೋಗುವ ಎರಡು ಬೆಂಡ್ ಪೈಪುಗಳು ಹೊರಟು, ಕೆಳಗೆ ಬಾಗಿ, ಎಡಕ್ಕೊಂದು ಬಲಕ್ಕೊಂದು ಹಿಂದಕ್ಕೆ ಹೋಗಿ ಸೈಲೆನ್ಸರಿಗೆ ಸೇರುತ್ತಿದ್ದವು. ಸುತ್ತಲಿನ ಊರುಗಳಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಅದು ನಿಂತಲ್ಲೇ ಗುಡುಗುಡು ಎನ್ನುತ್ತಿದ್ದರೆ ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಕು ಅದನ್ನು "ನಮ್ಮ ಸವತಿ" ಎನ್ನುತ್ತಿದ್ದರು. "ಆಕಿಗೆ ಎಣ್ಣಿ ಹಾಕಾಕ ನೆನಪ ಇರತೈತಿ, ನನ್ನ ತಲಿಗೆ ಎಣ್ಣಿ ಐತೋ ಇಲ್ಲೋ ಕೇಳಿದ್ದ ಇಲ್ಲ."

ನಾನು ಬರುವುದಕ್ಕೆ ಸ್ವಲ್ಪ ಮೊದಲು ಕಾಕಾ ಗಾಡಿ ಒರೆಸುವಾಗ ಒಂದು ಸಂಗತಿ ನಡೆದಿತ್ತು. ಅದನ್ನು ಅವರು ನನಗೆ ಕೈ ಮಾಡಿ ತೋರಿಸಿಯೇ ಹೇಳಿದರು. ಬೆಂಡ್ ಪೈಪಿನ ಹೊಳೆಯುವ ಮೈಮೇಲೆ ಅಲ್ಲಲ್ಲಿ ಸಣ್ಣ ಕರೀ ಚುಕ್ಕೆಗಳಿದ್ದವು.

"ಎಷ್ಟ ತಿಕ್ಕಿದ್ರೂ ಹೋಗವಲ್ವು ಬಾಯಾರ. ಕಲೆ ಅಂತ ತಿಳಿದು ಉಗುರಿಲೆ ಕೆರದೆ. ಕೆರದ್ರ ಒಂದು ರೆಕ್ಕಿ ಬಂತು. ಇವು ಕಲೆ ಅಲ್ರಿ. ಜೀವಾ."

ಕಾದ ಪೈಪಿನ ಮೇಲೆ ಕೂತು ಸುಟ್ಟು ಅಂಟಿಕೊಂಡ ಹುಳಗಳು. ಎಷ್ಟು ವರ್ಷದವೋ. ತಂದೆಯ ಕಾಲದವೂ ಇರಬಹುದು. ಅಂದು ಕಾಕಾ ಊಟ ಮಾಡಲಿಲ್ಲವಂತೆ. ಗಾಡಿ ಬಿಟ್ಟುಬಿಡುತ್ತೇನೆ ಎಂದರಂತೆ, ಬಿಡಲು ಆಗಲಿಲ್ಲ. ಬಿಡದೆ ಇರಲೂ ಆಗಲಿಲ್ಲ. ಕೊನೆಗೆ ಅವರಿಗೆ ಹೊಳೆದ ಉಪಾಯ ಇದು: ಗಾಡಿಯೂ ಇರಬೇಕು, ಅದರಿಂದ ಜೀವವೂ ಹೋಗಬಾರದು, ಅಂದರೆ ಪೈಪಿನ ಕಾವು ಹೊರಗೆ ಬಾರದಂತೆ ಏನನ್ನಾದರೂ ಸುತ್ತಬೇಕು.

ನಾನು ಕೇಳಿಯೇ ಬಿಟ್ಟೆ: "ಅಲ್ರಿ ಕಾಕಾ, ಗಾಲಿ ಬುಡಕ ಸಾಯೋ ಹುಳಕ್ಕ ಏನ್ ಮಾಡತೀರಿ?"

"ಅದೂ ಪಾಪನರಿ. ಅದಕ್ಕ ಮೆಲ್ಲಕ ಹೊಡೀತೇನಿ, ಕತ್ತಲಾದ ಮ್ಯಾಲೆ ಹೊಡಿಯಂಗಿಲ್ಲ, ಮಳಿಗಾಲದಾಗ ಮುಟ್ಟಂಗಿಲ್ಲ. ಎಲ್ಲಾ ಉಳಸಾಕ ನನ್ನ ಕಡಿಂದ ಆಗಂಗಿಲ್ಲ ಬಾಯಾರ. ಆಗೂದನ್ನ ಬಿಟ್ರ ತಪ್ಪು."

ಮೊದಲ ಪ್ರಯೋಗ ಗೋಣಿತಟ್ಟು. ಹಳೆಯ ತಟ್ಟನ್ನು ಉದ್ದುದ್ದ ಸೀಳಿ, ಕೆಸರಿನಲ್ಲಿ ಅದ್ದಿ, ಎರಡೂ ಪೈಪಿಗೆ ಸುತ್ತಿ, ಒಣಗಿಸಿ, ಕಾಕಾ ನಿಪ್ಪಾಣಿಗೆ ಹೊರಟರು. ಹೋಗುವಾಗ ಹೆಮ್ಮೆಯೋ ಹೆಮ್ಮೆ. ನಿಪ್ಪಾಣಿ ಅಂದರೆ ತಂಬಾಕಿನ ಪೇಟೆ. ಸಾಲುಸಾಲು ವಖಾರಿ, ಒಳಗೆ ಮಾಳಿಗೆಯ ತನಕ ಒಣ ತಂಬಾಕಿನ ಚೀಲ. ಸರಿಯಾಗಿ ಒಂದು ವಖಾರಿಯ ಬಾಗಿಲ ಮುಂದೆ ಬಂದಾಗ ತಟ್ಟಿನಿಂದ ಹೊಗೆ ಶುರುವಾಯಿತು. ಕಾಕಾಗೆ ಗೊತ್ತಿಲ್ಲ, ಮೆಲ್ಲಗೆ ಹೊಡೆಯುತ್ತಿದ್ದಾರೆ. ಬೀಡಿ ಸುದ್ದಾ ಹಚ್ಚಲು ಬಿಡದ ಆ ಓಣಿಯಲ್ಲಿ ಹೊಗೆಯಾಡುವ ಗಾಡಿ! "ಆಗ್ ಲಾಗ್ಲೀ! ಆಗ್ ಲಾಗ್ಲೀ!" ಬೆಂಕಿ ಬಿತ್ತೆಂದು ಮರಾಠಿಯಲ್ಲಿ ಬೊಬ್ಬೆ ಎದ್ದಿತು. ಹಮಾಲರು, ತಂಬಾಕು ಆರಿಸುವ ಹೆಂಗಸರು, ಸಾವುಕಾರರು, ಎಲ್ಲರೂ ಸಿಕ್ಕಸಿಕ್ಕ ಬಕೆಟ್ಟಿನಲ್ಲಿ ನೀರು ತಂದು ಗಾಡಿಯ ಮೇಲೂ ಕಾಕಾನ ಮೇಲೂ ಸುರಿದರು. ಬಿಳಿ ಧೋತರ ಹೋಗಿ ಕೆಸರಿನ ಮುದ್ದೆಯಾಗಿ ಕಾಕಾ ಮನೆಗೆ ಬಂದರು. ಕಾಕು ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, "ಇನ್ನರ ಸಾಕ ಮಾಡ್ರಿ," ಎಂದರು. ಕಾಕಾ, "ನೀರ ಸೋಸದ ಹಾಕಿದ್ರ ನೋಡ," ಎಂದರು. ಅವರಿಗೆ ಅದೇ ಹಳಹಳಿ.

ಆಮೇಲೆ ಕಾಕಾ ಸಕ್ಕರೆ ಕಾರಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಪರಿಚಯದ ಫಿಟ್ಟರನನ್ನು ಹಿಡಿದರು. ಬಾಯ್ಲರಿನ ಉಗಿ ಕೊಳವೆಗಳಿಗೆ ಸುತ್ತುವ ದಪ್ಪನೆಯ ಬಿಳಿ ಪಟ್ಟಿ, ಬೆಂಕಿಗೂ ಸುಡದಂಥದ್ದು, ಅವನ ಕಡೆಯಿಂದ ತರಿಸಿದರು. ಪಟ್ಟಿ ಬಂತು, ಸುತ್ತುವುದು ಬರಲಿಲ್ಲ. ಇಂಜಿನ್ನಿನ ಕಡೆಯಿಂದ ಶುರು ಮಾಡಿ ಬಾಗಿನ ತನಕ ಬಂದರೆ ಪಟ್ಟಿ ಬಾಯಿ ಬಿಡುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದರೂ ಅದೇ ಕಥೆ. ನಾನು ಕಟ್ಟೆಯ ಮೇಲೆ ಕೂತು ಎಷ್ಟು ಹೊತ್ತು ನೋಡಲಿ? ದಿನಾ ಮುರಿದ ಕೈಕಾಲಿಗೆ ಪಟ್ಟಿ ಕಟ್ಟುವವಳು ನಾನು. ಕೈ ತುರಿಸತೊಡಗಿತು.

"ಸರೀರಿ ಕಾಕಾ. ಹಂಗ ಸುತ್ತಿದ್ರ ರೋಗಿ ನಿಮ್ಮನ್ನ ಬೈತಾನ."

ಪಟ್ಟಿಯನ್ನು ಯಾವಾಗಲೂ ದೂರದ ತುದಿಯಿಂದ ಹೃದಯದ ಕಡೆಗೆ ಸುತ್ತಬೇಕು ಎಂದು ನಮಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಕಾಕಾ ಅದನ್ನು ಕೇಳಿ, "ಗಾಡಿಗೆ ಹೃದಯ ಎಲ್ಲೈತ್ರಿ?" ಎಂದರು. "ಇಂಜಿನ್ ಐತೆಲ್ಲ," ಎಂದೆ. ಆ ಮಾತು ಅವರಿಗೆ ಎಷ್ಟು ಖುಷಿ ಕೊಟ್ಟಿತೆಂದರೆ ಒಳಗೆ ಹೋಗಿ ಕಾಕುವಿಗೆ ಹೇಳಿ ಬಂದರು. ಪಟ್ಟಿಯನ್ನು ನೀರಲ್ಲಿ ನೆನೆಸಿದೆವು. ಸೈಲೆನ್ಸರಿನ ಕಡೆಯಿಂದ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಬಿಗಿ ಹಿಡಿದು ಬಂದೆ. ಬಾಗಿದಲ್ಲಿ ಮೊಣಕೈಗೆ ಕಟ್ಟುವಂತೆ ಒಳಮಗ್ಗುಲಿಗೆ ಪಟ್ಟಿಯನ್ನು ಒತ್ತೊತ್ತಾಗಿ ಇಳಿಸಿದೆ. ಎರಡನೆಯ ಪೈಪು ಕಾಕಾ ಸುತ್ತಿದರು. ನನಗಿಂತ ಚೆನ್ನಾಗಿ ಸುತ್ತಿದರು. ಒಂದರ ಮೇಲೊಂದು ಪದರು ಹಾಕಿ, ತುದಿಗೆ ತಂತಿ ಬಿಗಿದು, ಸವಾರಿ ಹೋಗಿ ಬಂದು, ಕಾದ ಗಾಡಿ ನಿಲ್ಲಿಸಿ, ನಾನು ಜ್ವರ ನೋಡುವಂತೆ ಅಂಗೈ ಹಿಂಬದಿಯನ್ನು ಪಟ್ಟಿಯ ಮೇಲಿಟ್ಟರು. ತೆಗೆಯಲಿಲ್ಲ. ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿ ನಕ್ಕರು. ಸಣ್ಣ ಹುಡುಗನ ನಗೆ.

ಕೊಲ್ಲಾಪುರ ಕಡೆಯಿಂದ ಹಳೆಯ ಗಾಡಿಗಳ ಹುಚ್ಚಿನ ಮಂದಿ ಆಗಾಗ ಬರುತ್ತಿದ್ದರು. ಗಾಡಿ ನೋಡಿ ಜೊಲ್ಲು ಸುರಿಸಿ, ಪಟ್ಟಿ ನೋಡಿ ಮುಖ ಹಿಂಡುತ್ತಿದ್ದರು. "ಗೌಡ್ರ, ಇಷ್ಟ ಛಲೋ ಗಾಡಿಗೆ ಕಾಲ ಮುರಿದಾಂಗ ಪಟ್ಟಿ ಕಟ್ಟೀರಲ್ಲ. ಪೈಪ್ ಹೊಳೀಬೇಕ್ರಿ," ಎಂದು ಒಬ್ಬರು ಅಂದಾಗ ಕಾಕಾ, "ಹೊಳೀತಿತ್ರಿ. ಹೊಳಿಯೂದ ನೋಡೇ ಅವು ಬಂದು ಕುಂದರತಿದ್ವು," ಎಂದರು. ಆ ಮನುಷ್ಯನಿಗೆ ತಲೆಬುಡ ತಿಳಿಯಲಿಲ್ಲ. ನಾನು ಒಳಗೆ ಹೋಗಿ ನಕ್ಕೆ. ಖರೆ ಹೇಳಬೇಕೆಂದರೆ ಆಗ ನನಗೆ ಕಾಕಾ ಅಂದರೆ ಒಂದು ಮೋಜು. ಹೆರಿಗೆಯಲ್ಲಿ ತಾಯಿ ಹೋಗುವುದನ್ನು, ವಾಂತಿಭೇದಿಗೆ ಕೂಸು ಹೋಗುವುದನ್ನು ಕಣ್ಣಾರೆ ನೋಡುವವಳಿಗೆ ನೊಣದ ಮೇಲಿನ ಈ ಮಮತೆ ಉಂಡು ಕೂತವರ ಆಟದಂತೆ ಕಾಣುತ್ತಿತ್ತು.

ಒಂದು ಶ್ರಾವಣದ ದಿನ ಆ ಎಣಿಕೆ ತಲೆಕೆಳಗಾಯಿತು.

ಚಾತುರ್ಮಾಸ ನಡೆದಿತ್ತು. ಮಳೆಗಾಲದ ಆ ನಾಲ್ಕು ತಿಂಗಳು ನೆಲದ ಮೇಲೆ ಜೀವಜಂತು ಹೆಚ್ಚೆಂದು ಜೈನ ಮುನಿಗಳು ಊರಿಂದೂರಿಗೆ ನಡೆಯುವುದಿಲ್ಲ, ಒಂದೇ ಕಡೆ ನಿಲ್ಲುತ್ತಾರೆ. ಆ ವರ್ಷ ನಮ್ಮೂರ ಬಸದಿಯಲ್ಲೇ ಒಬ್ಬ ಮುನಿ ಮಹಾರಾಜರು ನಿಂತಿದ್ದರು. ಕಾಕಾ ಅವರ ಮುಂದೆಯೇ ವ್ರತ ಹಿಡಿದಿದ್ದರು, ದೀಪಾವಳಿಯ ತನಕ ಗಾಡಿ ಹತ್ತುವುದಿಲ್ಲವೆಂದು. ಗಾಡಿ ದನದ ಕೊಟ್ಟಿಗೆಯ ಪಕ್ಕದ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ನಿಂತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತು. ಜಿಟಿಜಿಟಿ ಮಳೆ. ಕುರಿ ಕಾಯುವ ಬೀರಪ್ಪ ಓಡುತ್ತ ಬಂದು ನನ್ನ ಬಾಗಿಲ ಮುಂದೆ ಕುಸಿದು ಕೂತ. ಅವನ ವಸ್ತಿ ಊರಿಂದ ಬಹಳ ದೂರ, ಹೊಲಗಳ ಆಚೆ.

"ನರ್ಸಬಾಯಾರ, ಕೂಸು ಹುಟ್ಟೇತ್ರಿ. ಆದ್ರ ನಮ್ಮ ಮಾಯವ್ವಂದು ರಕ್ತ ನಿಂದ್ರವಲ್ದು. ಮೈಯೆಲ್ಲಾ ತಣ್ಣಗ ಆಗಾಕತ್ತೇತಿ."

ಮಾಯವ್ವ ಅವನ ಹೆಂಡತಿ. ಹೆರಿಗೆಯಾದ ಮೇಲೆ ನಿಲ್ಲದ ರಕ್ತ ಯಾರನ್ನೂ ಕಾಯುವುದಿಲ್ಲ. ಇಂಜೆಕ್ಷನ್ ನನ್ನ ಹತ್ತಿರ ಇತ್ತು. ಹೊತ್ತಿಗೆ ಮುಟ್ಟಬೇಕು, ಅಷ್ಟೆ. ದವಾಖಾನೆಯ ಜೀಪು ಚಿಕ್ಕೋಡಿಗೆ ಹೋಗಿತ್ತು. ಚಕ್ಕಡಿ ಕಟ್ಟಿಕೊಂಡು ಹೋದರೆ ಹೆಣ ನೋಡಲು ಹೋದಂತೆ. ಆಗಿನ ಸಿರಿಂಜು ಗಾಜಿನದು, ಪ್ರತಿ ಸಲ ಕುದಿಸಬೇಕು. ಸ್ಟೋವ್ ಹಚ್ಚಿ ಸಿರಿಂಜು ಸೂಜಿ ನೀರಿಗೆ ಹಾಕಿ ಕಾಕಾನ ಪಡಸಾಲೆಗೆ ಓಡಿದೆ.

"ಕಾಕಾ, ಗಾಡಿ ತಗೀರಿ!"

ಕಾಕಾ ಜಪ ಮಾಡುತ್ತಿದ್ದರು. ಕಾಕು ಅಡ್ಡ ಬಂದು, "ಅಯ್ಯ, ಚಾತುರ್ಮಾಸ ಐತೆಲ್ಲವಾ, ಮಹಾರಾಜರು ಊರಾಗ ಅದಾರ," ಎಂದರು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಕಾಕಾ ಪೂರ್ತಿ ಕೇಳಲೂ ಇಲ್ಲ. ಜಪಮಾಲೆ ಮಣೆಯ ಮೇಲಿಟ್ಟು ಎದ್ದು, ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹೋಗಿ ಖೋಲಿಯ ಬಾಗಿಲು ತೆರೆದರು. ವ್ರತ ಮುರಿಯುವುದಕ್ಕೆ ಅವರು ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. ಗಾಡಿ ಅಂಗಳಕ್ಕೆ ತಳ್ಳಿ, ಪೆಟ್ರೋಲ್ ಬಿಟ್ಟು, ಕಿಕ್ಕಿನ ಮೇಲೆ ಕಾಲಿಟ್ಟವರು ರೂಢಿಯಂತೆ ಒಮ್ಮೆ ಕೆಳಗೆ ಬಾಗಿ ನೋಡಿದರು. ನೋಡಿ ಹಾಗೇ ನಿಂತರು.

ನಾನೂ ನೋಡಿದೆ. ಪಟ್ಟಿಯ ಪದರು ಪದರಿನಲ್ಲಿ ಇರುವೆ. ಮಳೆಗೆ ನೆಲದ ಗೂಡು ತೋಯ್ದು, ಊರಿಗೆ ಊರೇ ಕಿತ್ತುಕೊಂಡು ಬಂದು ನಾವು ಅಷ್ಟು ಬಿಗಿಯಾಗಿ ಸುತ್ತಿದ ಬೆಚ್ಚನೆಯ ಪಟ್ಟಿಯೊಳಗೆ ಬಿಡಾರ ಹೂಡಿದ್ದವು. ಗಾಡಿ ಅಲುಗಾಡಿದ್ದಕ್ಕೆ ಗಾಬರಿಯಾಗಿ, ಅಕ್ಕಿಯ ನುಚ್ಚಿನಂಥ ಬಿಳಿ ತತ್ತಿಗಳನ್ನು ಬಾಯಲ್ಲಿ ಹಿಡಿದುಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದವು. ಜೀವ ಸಾಯಬಾರದೆಂದು ಸುತ್ತಿದ ಪಟ್ಟಿ ಸಾವಿರಾರು ಜೀವಗಳ ಮನೆಯಾಗಿತ್ತು. ಕಿಕ್ ಹೊಡೆದರೆ ಅಷ್ಟೂ ಹುರಿದು ಹೋಗುತ್ತವೆ.

ನನಗೆ ಎಲ್ಲಿತ್ತೋ ಸಿಟ್ಟು. "ಕಾಕಾ, ಅಲ್ಲಿ ಹೆಣ್ಣಮಗಳು ಸಾಯಾಕತ್ತಾಳ! ನೀವಿಲ್ಲಿ ಇರಿವಿ ಮಾರಿ ನೋಡಿಕೋತ ನಿಂದರತೀರೇನ? ಹೊಡೀರಿ ಕಿಕ್!"

ಕಾಕಾ ನನ್ನ ಕಡೆ ನೋಡಲಿಲ್ಲ. "ಬಾಯಾರ, ನಿಮ್ಮ ಚೀಲಾ ತಗೊಂಡ ಬರ್ರಿ," ಎಂದರು. ಗೂಟದ ಮೇಲಿದ್ದ ಪಾನಾ ಕೈಗೆ ತೆಗೆದುಕೊಂಡು ಕೂತರು, ನಟ್ಟು ಬಿಚ್ಚಲು.

ನಾನು ನನ್ನ ಖೋಲಿಗೆ ಓಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಹುಚ್ಚ ಎಂದೆ, ಕೊಲೆಗಾರ ಎಂದೆ. ಗೋಡೆಗೆ ಕೇಳಿರಬೇಕು, ಕಾಕಾಗೂ ಕೇಳಿರಬೇಕು. ಕುದ್ದ ಸಿರಿಂಜು ಚಿಮಟಿಗೆಯಲ್ಲಿ ತೆಗೆದು ಡಬ್ಬಿಗೆ ಹಾಕಿ, ಇಂಜೆಕ್ಷನ್, ಹತ್ತಿ, ಸಲಾಯಿನ್ ಚೀಲಕ್ಕೆ ತುಂಬಿ ಹೊರಗೆ ಬಂದರೆ ಎರಡೂ ಪೈಪುಗಳು ಗಾಡಿಯಿಂದ ಬೇರೆಯಾಗಿ ಕೊಟ್ಟಿಗೆ ಪಕ್ಕದ ಖೋಲಿಯ ಮೂಲೆಯಲ್ಲಿ ಒಣ ಗೋಣಿಯ ಮೇಲೆ ಮಲಗಿದ್ದವು. ಬೀರಪ್ಪ ಆಗಲೇ ಅಡ್ಡದಾರಿ ಹಿಡಿದು ಓಡಿದ್ದ. ಕಾಕಾ ಧೋತರ ಮೇಲೆತ್ತಿ ಕಚ್ಚೆ ಬಿಗಿದು ಗಾಡಿಯ ಮೇಲೆ ಕೂತಿದ್ದರು.

"ಪೈಪ್ ಇಲ್ದ ಓಡತೈತೇನ್ರಿ?"

"ಓಡತೈತಿ. ಹತ್ರಿ."

ಕಿಕ್ ಬಿತ್ತು. ಅಯ್ಯಯ್ಯೋ, ಆ ಸದ್ದು! ನನ್ನ ಜೀವಮಾನದಲ್ಲಿ ಅಂಥ ಸದ್ದು ಕೇಳಿಲ್ಲ. ಕಟ್ಟಿದ ದನ ಹಗ್ಗ ಹರಿದುಕೊಂಡವು. ಕಾಕು ಕಿವಿ ಮುಚ್ಚಿಕೊಂಡು ಕೂತುಬಿಟ್ಟರು. ಇಂಜಿನ್ನಿನ ಬರೀ ಬಾಯಿಂದ ಬೆಂಕಿ ಒಂದು ಗೇಣುದ್ದ ಹೊರಗೆ ಬರುತ್ತಿತ್ತು, ಗಾಳಿಗೆ ತಿರುಗಿ ಕಾಕಾನ ಮೊಣಕಾಲ ಕೆಳಗೆ ಹೊಡೆಯುತ್ತಿತ್ತು. ದಾರಿ ಬಸದಿಯ ಮುಂದಿನದೇ. ಒಳಗೆ ಪ್ರವಚನ ನಡೆದಿತ್ತು. ಮಂದಿ ಹೊಳೆ ಒಡೆದು ಬಂತೇನೋ ಎಂದು ಹೊರಗೆ ಓಡಿ ಬಂದರು. ಬಂದವರು ಕಂಡದ್ದೇನು? ಚಾತುರ್ಮಾಸದಲ್ಲಿ ಗಾಡಿ ಮುಟ್ಟುವುದಿಲ್ಲವೆಂದು ಅದೇ ಬಸದಿಯಲ್ಲಿ ವ್ರತ ಹಿಡಿದ ಪಾಯಗೌಡ, ಧೋತರ ಮೊಣಕಾಲ ಮೇಲೆ, ಹಿಂದೆ ನರ್ಸಬಾಯಿಯನ್ನು ಕೂರಿಸಿಕೊಂಡು, ಬೆಂಕಿ ಉಗುಳುತ್ತ, ಕಿವಿ ತಮಟೆ ಒಡೆಯುವ ಸದ್ದು ಮಾಡುತ್ತ ಹೋಗುವುದನ್ನು. ಕಾಕಾ ಆ ಕಡೆ ಮುಖ ತಿರುಗಿಸಲಿಲ್ಲ. ಅಷ್ಟು ದಿನ ಎತ್ತಿನ ಗಾಡಿಗಿಂತ ಮೆಲ್ಲಗೆ ಹೋಗುತ್ತಿದ್ದ ಮನುಷ್ಯ ಅಂದು ಗರಸಿನ ರಸ್ತೆಯಲ್ಲಿ ಹೊಡೆದ ರೀತಿಗೆ ನಾನು ಕಣ್ಣು ಮುಚ್ಚಿ ನಮ್ಮ ಕೊಕಟನೂರ ಯಲ್ಲಮ್ಮನನ್ನು ಕೂಗಿದೆ.

ಮುಟ್ಟಿದೆವು. ಮಾಯವ್ವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ತಿಕ್ಕಿದೆ, ಸಲಾಯಿನ್ ಏರಿಸಿದೆ, ಮತ್ತೆ ತಿಕ್ಕಿದೆ. ನನ್ನ ತೋಳು ಬಿದ್ದು ಹೋಗುವ ತನಕ ತಿಕ್ಕಿದೆ. ರಕ್ತ ನಿಂತಿತು. ಆಕೆ ಕಣ್ಣು ಬಿಟ್ಟು, "ಕೂಸಿಗೆ ಹಾಲ ಕುಡಿಸಿದ್ರೇನ?" ಎಂದು ಕೇಳಿದಾಗ ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ.

ಹೊರಗೆ ಬಂದರೆ ಹೊತ್ತು ಮುಳುಗಿತ್ತು. ಕಾಕಾ ಬೇವಿನ ಗಿಡದ ಕೆಳಗೆ ಮಳೆಯಲ್ಲೇ ನಿಂತಿದ್ದರು. "ಉಳದಾಳ," ಎಂದೆ. ಅವರು ಎರಡೂ ಕೈ ಮುಗಿದರು, ನನಗೋ ಆಕಾಶಕ್ಕೋ ಗೊತ್ತಾಗಲಿಲ್ಲ. ಬೀರಪ್ಪ ಬಿಸಿ ಹಾಲು ತಂದು ಕಾಲಿಗೆ ಬಿದ್ದ. ಮುಂಜಾನೆಯ ನ್ಯಾರೆಯಾದಾಗಿನಿಂದ ಏನೂ ತಿಂದಿರದ ಮನುಷ್ಯ, ಮೈಯೆಲ್ಲ ತೋಯ್ದು ನಡುಗುತ್ತಿದ್ದರೂ, "ಹೊತ್ತ ಮುಣಗೇತಪಾ, ಬ್ಯಾಡ," ಎಂದು ಲೋಟ ಹಿಂದೆ ಸರಿಸಿದರು. ಆಗ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಎರಡೂ ಕಾಲಿನ ಮುಂಭಾಗ ಬೊಬ್ಬೆ ಎದ್ದು ಚರ್ಮ ಸುಲಿದಿತ್ತು. ಬಾಯಿ ಬಿಟ್ಟಿರಲಿಲ್ಲ ಮಹಾರಾಯ.

ಗಾಡಿ ಮತ್ತೆ ಚಾಲೂ ಆಗಲಿಲ್ಲ. ಕಿಕ್ಕು ಸಡಿಲವಾಗಿ ಕೆಳಗೆ ಹೋಗಿ ಬರುತ್ತಿತ್ತು. "ವಾಲ್ವ್ ಸುಟ್ಟಾವ," ಎಂದರು ಕಾಕಾ, ಟಾಕಿಯ ಮೇಲೆ ಕೈಯಾಡಿಸುತ್ತ. "ಪೈಪ್ ಇಲ್ದ ಜೋರ ಹೊಡದ್ರ ಹಿಂಗ ಆಗತೈತಿ ಅಂತ ನಮ್ಮಪ್ಪ ಹೇಳತಿದ್ದ."

"ಅಂದ್ರ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತರಿ."

ನಾನು ಆ ಮಳೆಯಲ್ಲಿ ನಿಂತು ಈ ಮನುಷ್ಯನನ್ನು ಹೊಸದಾಗಿ ನೋಡಿದೆ. ಮಾಯವ್ವನಿಗಾಗಿ ವ್ರತ ಬಿಟ್ಟರು, ಇರುವೆಗಾಗಿ ಗಾಡಿ ಬಿಟ್ಟರು. ಎರಡಕ್ಕೂ ಬೇಕಾದದ್ದು ಒಂದಿಷ್ಟು ನಟ್ಟು ಬಿಚ್ಚುವಷ್ಟು ಹೊತ್ತು. ನನಗೆ ಅವರ ಮುಂದೆ ನಿಲ್ಲಲೂ ಅಂಜಿಕೆಯಾಯಿತು. ದೇವರ ಗುಡಿಯಲ್ಲಿ ಆಗುವಂಥ ಅಂಜಿಕೆ.

ಚಕ್ಕಡಿಗೆ ಗಾಡಿ ಹೇರಿಕೊಂಡು ಬಂದೆವು. ಮರುದಿನ ಕಾಕಾ ಬಸದಿಗೆ ಹೋಗಿ ಮಹಾರಾಜರ ಮುಂದೆ ಪ್ರಾಯಶ್ಚಿತ್ತ ಬೇಡಿದರು. ಬಹಳ ದಿನ ಒಂದು ಬಿಟ್ಟು ಒಂದು ಉಪವಾಸ ಮಾಡಿದರು. ವ್ರತ ಮುರಿದದ್ದಕ್ಕೆ ಎಂದು ಊರು ತಿಳಿಯಿತು, ನಾನೂ ತಿಳಿದೆ. ಊರ ಮಂದಿ ಸ್ವಲ್ಪ ದಿನ ನಕ್ಕರು, "ಇರಿವಿಗೌಡ" ಎಂದು ಹೆಸರಿಟ್ಟರು. ಆಮೇಲೆ ಅದೇ ಹೆಸರನ್ನು ಕೈ ಮುಗಿದು ಹೇಳತೊಡಗಿದರು. ಮಳೆಗಾಲ ಮುಗಿದ ಮೇಲೆ ಇರುವೆಗಳು ತಾವೇ ಪಟ್ಟಿ ಖಾಲಿ ಮಾಡಿ ಹಿತ್ತಲಿಗೆ ಇಳಿದವು. ಕಾಕಾ ಪೈಪುಗಳನ್ನು ಮತ್ತೆ ಗಾಡಿಗೆ ಜೋಡಿಸಿದರು. ಆ ಹಳೆಯ ಇಂಜಿನ್ನಿಗೆ ಕೂಡುವ ವಾಲ್ವು ಕೊಲ್ಲಾಪುರದಲ್ಲೂ ಸಿಗಲಿಲ್ಲ, ಮುಂಬಯಿಯಲ್ಲೂ ಸಿಗಲಿಲ್ಲ. ಗಾಡಿ ನಿಂತಲ್ಲೇ ನಿಂತಿತು. ಕಾಕು ಸಹ ಅದನ್ನು ಸವತಿ ಎನ್ನುವುದನ್ನು ಬಿಟ್ಟರು.

ಆ ಮೇಲೆ ಪ್ರತಿ ವರ್ಷ ಶ್ರಾವಣದಲ್ಲಿ ಕಾಕಾ ಒಂದು ಪೆಂಟೆ ಬೆಲ್ಲ ಹಿಡಿದುಕೊಂಡು ನಡೆದೇ ಬೀರಪ್ಪನ ವಸ್ತಿಗೆ ಹೋಗುತ್ತಿದ್ದರು. ಬಾಗಿಲ ಹೊರಗೆ ನಿಂತು, "ಆರಾಮ ಅದೀಯೇನವಾ?" ಎಂದು ಮಾಯವ್ವನನ್ನು ಕೇಳಿ, ಆಕೆ "ಹೌದ್ರಿ ಎಪ್ಪಾ" ಎಂದ ಮೇಲೆ ಕೂರದೆ ಹಿಂದಿರುಗುತ್ತಿದ್ದರು. ಅದು ಮಮತೆ ಎಂದು ನಾನು ತಿಳಿದಿದ್ದೆ.

ನನಗೆ ರಾಯಬಾಗ ಕಡೆ ವರ್ಗವಾಯಿತು, ಆಮೇಲೆ ಕಾಗವಾಡಕ್ಕೆ. ತೊಂಬತ್ತರ ದಶಕದ ಕೊನೆಗೆ ಒಮ್ಮೆ ಚಿಕ್ಕೋಡಿಯಲ್ಲಿ ಮೀಟಿಂಗ್ ಇತ್ತು. ಕಾಕಾಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಕೇಳಿ ಮೀಟಿಂಗ್ ಮುಗಿಸಿ ಊರಿಗೆ ಹೋದೆ. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಆರಡಿಯ ಆಳು ಅರ್ಧ ಆಗಿದ್ದರು. ಹೊಲಕ್ಕೆ ಹೋಗಿದ್ದ ಮಗನ ಸುದ್ದಿ, ನನ್ನ ಮಕ್ಕಳ ಸುದ್ದಿ, ಎಲ್ಲ ಆಯಿತು. ಕಾಕು ಚಹಾ ಮಾಡಲು ಒಳಗೆ ಹೋದಾಗ ಕಾಕಾ ದನಿ ಇಳಿಸಿದರು.

"ಬಾಯಾರ, ಒಂದ ಮಾತ ಕೇಳೂದೈತಿ. ನೀವ ನರ್ಸ ಅದೀರಿ, ಮುಚ್ಚಿಡಬ್ಯಾಡ್ರಿ. ಆವತ್ತ ನಾ ಪೈಪ್ ಬಿಚ್ಚಾಕ ಕುಂತೆನಲ್ಲ. ಅಷ್ಟ ಹೊತ್ತಿನ್ಯಾಗ ಮಾಯವ್ವ ಹೋಗಿದ್ರ?"

ಕಾಕಾ ತಾವೇ ಮುಂದುವರಿಸಿದರು.

"ಮಹಾರಾಜರ ಮುಂದ ನಾ ಪ್ರಾಯಶ್ಚಿತ್ತ ಬೇಡಿದ್ದು ಗಾಡಿ ಹತ್ತಿದ್ದಕ್ಕ ಅಲ್ರಿ. ಪೈಪ್ ಬಿಚ್ಚಿದ ಆ ಹೊತ್ತಿನ ಸಲುವಾಗಿ. ಮಂದಿ ನನ್ನ ಇರಿವಿ ಉಳಿಸಿದಾಂವ ಅಂತಾರ. ಇರಿವಿ ಸಲುವಾಗಿ ಒಬ್ಬ ಹಡದ ತಾಯೀನ್ನ ಕಾಯಾಕ ಹಚ್ಚಿದಾಂವ ಅಂತ ನೀವ ಒಬ್ಬರ ಅಂದ್ರಿ ಆವತ್ತ. ನೀವ ಅಂದಿದ್ದ ಖರೇ ಇತ್ತು. ವರ್ಷಾ ಹೋಗಿ ಆಕಿ ಮಾರಿ ನೋಡಿ ಬರತಿದ್ದೆ, ಜೀವಂತ ಅದಾಳ ಅಂತ ಖಾತ್ರಿ ಮಾಡಿಕೊಳ್ಳಾಕ."

ಇಷ್ಟು ವರ್ಷ! ಸಿಟ್ಟೂ ಬಂತು, ಅಳುವೂ ಬಂತು. ಅವರ ಕೈ ಹಿಡಿದುಕೊಂಡೆ. "ಅಯ್ಯ ಕಾಕಾ, ಏನ್ ಹಚ್ಚಿಕೊಂಡ ಕುಂತೀರಿ! ಸಿರಿಂಜ ಕುದಿಸದ ಸೂಜಿ ಚುಚ್ಚಾಕ ಬರತಿತ್ತೇನ? ನಾ ನಿಮ್ಮನ್ನ ಕರಿಯಾಕ ಬಂದಾಗ ನೀರ ಸ್ಟೋವ್ ಮ್ಯಾಲಿತ್ತು. ನೀವ ಪೈಪ್ ಬಿಚ್ಚಿ ಮುಗಿಸಿ ಗಾಡಿ ಹತ್ತಿ ಕುಂತ ಮ್ಯಾಲೆ ನಂದು ಕುದ್ದು ಆಗಿದ್ದು. ನೀವ ನನ್ನ ಕಾದೀರಿ. ನಿಮ್ಮಿಂದ ಒಂದ ಗಳಿಗಿನೂ ತಡಾ ಆಗಿಲ್ಲ. ನಮ್ಮ ಯಲ್ಲವ್ವನ ಆಣಿ!"

ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಕಾಕುವಿನ ಕಣ್ಣು ತುಂಬಿದವು. "ಕೇಳಿದ್ರೆಲ್ಲ? ಇನ್ನರ ಬಿಡ್ರಿ," ಎಂದರು.

ಕಾಕಾನ ಮುಖ ಸಡಿಲಾಯಿತು, ನಕ್ಕರು ಕೂಡ. "ಛಲೋ ಆತು ಬಾಯಾರ, ಹೇಳಿದ್ರಿ. ಮಾಯವ್ವನ ಪುಣ್ಯೇ," ಎಂದರು. ಆಮೇಲೆ ನನ್ನ ಕೈಯಿಂದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ನನಗೆ ನೋವಾಗಬಾರದೆಂಬ ದನಿಯಲ್ಲಿ ಹೇಳಿದರು:

"ಆದ್ರ ನೀರ ಇನ್ನೂ ಕುದಿಯಾಕತ್ತೇತಿ ಅಂತ ಆವತ್ತ ನನಗ ಗೊತ್ತಿದ್ದಿಲ್ಲಲ್ರಿ."

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.